ಮಳೆಗಾಲದಲ್ಲಿ ಸೋಲಾರ್ ನಂಬಬಹುದಾ, ಇಲ್ಲ ಹಳ್ಳದ ನೀರಿಗೇ ಟರ್ಬೈನ್ ಹಾಕೋದಾ?

ಹಿನ್ನೀರಿನವ
ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರ ತಾಲೂಕಿನ ಒಳಭಾಗದಲ್ಲಿ ಒಂಟಿ ಮನೆ. ಕರೆಂಟ್ ಲೈನ್ ಇದೆ, ಆದರೆ ಪೂರ್ತಿ ಕಾಡಿನೊಳಗೇ ಬರುತ್ತದೆ. ಜೂನ್ ಬಂತು ಅಂದರೆ ಮರ ಬೀಳುತ್ತದೆ, ಕಂಬ ಮುರಿಯುತ್ತದೆ. ಒಮ್ಮೆ ಹೋದರೆ ನಾಲ್ಕೈದು ದಿನ ಕತ್ತಲೆ. ಲೈನ್‌ಮ್ಯಾನ್‌ಗೆ ಬೈದು ಪ್ರಯೋಜನ ಇಲ್ಲ, ಒಬ್ಬನಿಗೆ ಎಷ್ಟು ಹಳ್ಳಿ ನೋಡೋಕಾಗುತ್ತದೆ.

ಕತ್ತಲೆ ಹೇಗೋ ಸಹಿಸಬಹುದು, ನೀರಿಂದೇ ಕಷ್ಟ. ಬಾವಿ ತೋಟದ ಬುಡದಲ್ಲಿದೆ, ಮನೆ ಮೇಲೆ. ಅಲ್ಲಿಂದ ಟ್ಯಾಂಕಿಗೆ ಸುಮಾರು 25 ಮೀಟರ್ ಎತ್ತರ, 1 ಎಚ್.ಪಿ. ಪಂಪ್. ಅಪ್ಪನಿಗೆ ಈಗ ಕೊಡ ಹೊತ್ತು ಹತ್ತೋಕೆ ಆಗುವುದಿಲ್ಲ.

ಒಬ್ಬ ಡೀಲರ್ ಬಂದು 5 ಕಿಲೋವ್ಯಾಟ್ ಪ್ಯಾನೆಲ್, ಲಿಥಿಯಂ ಬ್ಯಾಟರಿ, ಎಲ್ಲ ಸೇರಿ ನಾಲ್ಕೂವರೆ ಲಕ್ಷ ಅಂದ. "ಹಾಕಿ ಬಿಡಿ, ಆಮೇಲೆ ಕರೆಂಟಿನ ಯೋಚನೆಯೇ ಬೇಡ" ಅಂತಾನೆ. ನಮ್ಮ ಮಳೆಗಾಲದಲ್ಲಿ ಇದು ನಡೆಯುತ್ತದಾ? ಮನೆ ಪಕ್ಕದಲ್ಲೇ ಒಂದು ಹಳ್ಳ ಇದೆ, ಜನವರಿ ಕೊನೆವರೆಗೂ ಹರಿಯುತ್ತದೆ. ಅದಕ್ಕೆ ಏನಾದರೂ ಮಾಡಬಹುದಾ?

ಬೆಂಗ್ಳೂರ್ ಬಸವ
ಸುಮ್ನೆ ಪಿಎಂ ಸೂರ್ಯಘರ್ ಹಾಕಿಸಿ ಸಾರ್, ಕೇಂದ್ರದ ಮನೆ ಸೋಲಾರ್ ಯೋಜನೆ. 3 ಕಿಲೋವ್ಯಾಟ್‌ಗೆ 78,000 ಸಬ್ಸಿಡಿ ಬರುತ್ತದೆ. ನಮ್ಮ ಅಪಾರ್ಟ್‌ಮೆಂಟ್ ಪಕ್ಕದ ಮನೆಯವರು ಹಾಕಿದ್ದಾರೆ, ಬಿಲ್ಲೇ ಇಲ್ಲ.

ಪೆಲ್ಟನ್ ಪುಟ್ಟಣ್ಣ
@ಬೆಂಗ್ಳೂರ್ ಬಸವ ಅದು ಗ್ರಿಡ್‌ಗೆ, ಅಂದರೆ ಊರಿನ ಕರೆಂಟ್ ಲೈನಿಗೆ ಸೇರಿಸುವ ವ್ಯವಸ್ಥೆ. ಲೈನಲ್ಲಿ ಕರೆಂಟ್ ಹೋದ ಕೂಡಲೇ ಆ ಇನ್ವರ್ಟರ್ ತಾನೇ ಬಂದ್ ಆಗುತ್ತದೆ, ಮಟಮಟ ಮಧ್ಯಾಹ್ನ ಬಿಸಿಲು ಇದ್ದರೂ. ಹಾಗೆ ಆಗಲೇಬೇಕು, ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ಮನೆ ಕರೆಂಟ್ ಹೊಡೆಯುತ್ತದೆ. ಇವರ ತೊಂದರೆ ಬಿಲ್ಲಲ್ಲ, ಕರೆಂಟ್ ಇಲ್ಲದ್ದು.

ಬೆಂಗ್ಳೂರ್ ಬಸವ
ಓ, ಹೌದಾ. ಹಾಗಾದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಬೇಕು ಅಲ್ವಾ?

ಪೆಲ್ಟನ್ ಪುಟ್ಟಣ್ಣ
ಹೌದು. ಅದರಲ್ಲೂ ಲೈನ್ ಇಲ್ಲದಾಗ ಬ್ಯಾಟರಿಯಿಂದ ಮನೆಗೆ ಕೊಡುವ ಸೌಲಭ್ಯ ಇದೆಯೇ ಅಂತ ಕೇಳಿಯೇ ಕೊಳ್ಳಬೇಕು.

ದುರ್ಗದ ಬಿಸಿಲು
ನಮ್ಮ ಚಿತ್ರದುರ್ಗಕ್ಕೆ ಬನ್ನಿ, ಬೇಕಾದಷ್ಟು ಬಿಸಿಲು ಫ್ರೀ ಕೊಡುತ್ತೇವೆ. ನೀರು ಮಾತ್ರ ಕೇಳಬೇಡಿ.

ಅಡಿಕೆ ಚೊಗರು
ಹಿನ್ನೀರಿನವರೇ, ಡೀಲರ್ 5 ಕಿಲೋವ್ಯಾಟ್ ಅಂತ ಹೇಳಿದ ಅಂದಿರಿ. ದಿನಕ್ಕೆ ಎಷ್ಟು ಯೂನಿಟ್ ಅಂತ ಹೇಳಿದನಾ? ಹೇಳಿರುವುದಿಲ್ಲ. ಪ್ಯಾನೆಲ್ ಮೇಲೆ ಬರೆದ ವ್ಯಾಟ್ ಒಳ್ಳೆ ಬಿಸಿಲಿನ ಲೆಕ್ಕ. ನಮ್ಮ ಕಡೆ ಮಾರ್ಚ್ ತಿಂಗಳಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ 4 ಯೂನಿಟ್ ಕೊಟ್ಟೀತು. ಜುಲೈಯಲ್ಲಿ ಹಗಲು ರಾತ್ರಿ ಹೊಯ್ಯುವಾಗ 1 ಯೂನಿಟ್ ಬಂದರೆ ಪುಣ್ಯ, ಕೆಲವು ದಿನ ಅದೂ ಇಲ್ಲ. ಅಂದರೆ ನಿಮಗೆ ಕರೆಂಟ್ ಬೇಕೇ ಬೇಕಾದ ತಿಂಗಳಲ್ಲೇ ಸೋಲಾರ್ ಕೈಕೊಡುತ್ತದೆ. ಇನ್ನು ಮನೆ ಸುತ್ತ ಅಡಿಕೆ, ಹಲಸು, ಮಾವು. ಒಂದು ಸೋಗೆಯ ನೆರಳು ಬಿದ್ದರೂ ಸಾಲಾಗಿ ಜೋಡಿಸಿದ ಅಷ್ಟೂ ಪ್ಯಾನೆಲ್‌ಗಳ ಕರೆಂಟ್ ಕುಸಿಯುತ್ತದೆ.

ಹಳ್ಳ ಹಾಗಲ್ಲ. ಮಳೆ ಜಾಸ್ತಿಯಾದಷ್ಟೂ ಅದಕ್ಕೆ ಖುಷಿ.

ಸೊಪ್ಪಿನಬೆಟ್ಟ
ಮೊದಲು ಮನೆಯ ಖರ್ಚು ಬರೆಯಿರಿ. ಏನೇನು ಓಡಬೇಕು, ಎಷ್ಟು ಗಂಟೆ. ಅದಿಲ್ಲದೆ ಯಾರು ಏನು ಹೇಳಿದರೂ ಗಾಳಿ ಮಾತು.

ಹಿನ್ನೀರಿನವ
ಬರೆದೆ ನೋಡಿ. 9 ವ್ಯಾಟ್ ಎಲ್‌ಇಡಿ ಎಂಟು, ಫ್ಯಾನ್ ಮೂರು (ಹಳೆಯವು), ಫ್ರಿಜ್ ಒಂದು, ಟಿವಿ ಸ್ವಲ್ಪ ಹೊತ್ತು, ಮಿಕ್ಸಿ, ವೈಫೈ ಇಡೀ ದಿನ, ಮೊಬೈಲ್ ಚಾರ್ಜ್. ಪಂಪ್ ದಿನಕ್ಕೆ ಮುಕ್ಕಾಲು ಗಂಟೆ. ಸ್ನಾನದ ನೀರು ಹಂಡೆ ಒಲೆ, ಅಡುಗೆ ಗ್ಯಾಸ್ ಮತ್ತು ಸ್ವಲ್ಪ ಗೋಬರ್ ಗ್ಯಾಸ್.

ಸೊಪ್ಪಿನಬೆಟ್ಟ
ಮೂರೂವರೆ, ನಾಲ್ಕು ಯೂನಿಟ್ ಒಳಗೇ ಬರುತ್ತದೆ. ಫ್ಯಾನ್ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯದು) ಹಾಕಿ. ಹಳೆಯದು 75 ವ್ಯಾಟ್ ತಿಂದರೆ ಇದು 30ರ ಆಸುಪಾಸು. ಮಳೆಗಾಲದಲ್ಲಿ ಫ್ಯಾನೇ ಬೇಡ ಅನ್ನಿ. ಇಂಡಕ್ಷನ್ ಒಲೆ ಮಾತ್ರ ಈ ವ್ಯವಸ್ಥೆಗೆ ಸೇರಿಸಬೇಡಿ, ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಗೋಬರ್ ಗ್ಯಾಸ್ ಬಿಡಬೇಡಿ.

ಮಂಡ್ಯದ ಮಾವ
ಅಲ್ಲ, ಗೃಹಜ್ಯೋತಿಯಲ್ಲಿ 200 ಯೂನಿಟ್ ಫ್ರೀ ಇರುವಾಗ ನಾಲ್ಕೂವರೆ ಲಕ್ಷ ಯಾಕೆ ಸುರಿಯುತ್ತೀರಿ?

ಅಡಿಕೆ ಚೊಗರು
@ಮಂಡ್ಯದ ಮಾವ ಫ್ರೀ ಕರೆಂಟ್ ತಂತಿಯಲ್ಲಿ ಬಂದರೆ ತಾನೇ? ಇನ್ನೊಂದು, ಎಲ್ಲರಿಗೂ 200 ಅಲ್ಲ. 2022-23ರ ಸರಾಸರಿ ಬಳಕೆಯ ಮೇಲೆ ಸಾಮಾನ್ಯವಾಗಿ ಶೇ. 10 ಸೇರಿಸಿ ಲೆಕ್ಕ ಹಾಕುತ್ತಾರೆ. 200 ಅದರ ಮೇಲ್ಮಿತಿ.

ಮಂಡ್ಯದ ಮಾವ
ಅದು ಗೊತ್ತು ಮಾರಾಯ್ರೆ. ಕನೆಕ್ಷನ್ ಕಿತ್ತು ಹಾಕಬೇಡಿ ಅಂತ ಹೇಳಿದೆ ಅಷ್ಟೇ.

ಪೆಲ್ಟನ್ ಪುಟ್ಟಣ್ಣ
ಅದಂತೂ ಸರಿ. ಲೈನ್ ಇರಲಿ. ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ ಅದೇ ಆಸರೆ.

ಈಗ ಹಳ್ಳದ ಲೆಕ್ಕಕ್ಕೆ ಬರೋಣ. ಮೇಲಿಂದ ಪೈಪಿನಲ್ಲಿ ಇಳಿದ ನೀರು ಟರ್ಬೈನಿನ ಚಕ್ರ ತಿರುಗಿಸುತ್ತದೆ, ಅದರಿಂದ ಕರೆಂಟ್. ಎರಡೇ ಅಳತೆ ಸಾಕು: ನೀರು ಎಷ್ಟು ಎತ್ತರದಿಂದ ಇಳಿಯುತ್ತದೆ, ಸೆಕೆಂಡಿಗೆ ಎಷ್ಟು ಲೀಟರ್. ಮೀಟರನ್ನೂ ಲೀಟರನ್ನೂ ಗುಣಿಸಿ, ಅದನ್ನು 9.81ರಿಂದ ಗುಣಿಸಿ. ಬಂದದ್ದು ವ್ಯಾಟ್. ಪೈಪು, ಟರ್ಬೈನು, ಜನರೇಟರು ಎಲ್ಲ ಸೇರಿ ಅರ್ಧ ನುಂಗುತ್ತವೆ ಅಂತ ಇಟ್ಟುಕೊಳ್ಳಿ. ಉಳಿದರ್ಧ ನಿಮ್ಮದು.

ಎತ್ತರ ಅಳೆಯೋಕೆ ಇಂಜಿನಿಯರ್ ಬೇಡ. ತೋಟಕ್ಕೆ ಹಾಕುವ ಪೈಪನ್ನು ಮೇಲಿನ ಗುಂಡಿಯಿಂದ ಕೆಳಗಿನ ತನಕ ಎಳೆದು, ಗಾಳಿ ಇಲ್ಲದ ಹಾಗೆ ನೀರು ತುಂಬಿಸಿ, ಕೆಳ ತುದಿಗೆ ಪ್ರೆಶರ್ ಗೇಜ್ ಹಾಕಿ. ಗೇಜ್ 1 ಕೆ.ಜಿ. ತೋರಿಸಿದರೆ 10 ಮೀಟರ್, 2 ಕೆ.ಜಿ. ಅಂದರೆ 20. ನೀರಿನ ಪ್ರಮಾಣಕ್ಕೆ ಬಕೆಟ್ ಹಿಡಿದು ಮೊಬೈಲಲ್ಲಿ ಸೆಕೆಂಡ್ ನೋಡಿ. ಮಳೆಗಾಲದಲ್ಲಿ ಅಳೆದು ಮೋಸ ಹೋಗಬೇಡಿ, ಡಿಸೆಂಬರ್ ನೀರೇ ಲೆಕ್ಕಕ್ಕೆ.

ಒಂದು ಮಾತು ನೆನಪಿರಲಿ. ಟರ್ಬೈನ್ 24 ಗಂಟೆ ತಿರುಗುತ್ತದೆ. 500 ವ್ಯಾಟ್ ಬಂದರೆ ದಿನಕ್ಕೆ 12 ಯೂನಿಟ್ ಆಯಿತು. ಬೇಸಿಗೆಯ ಬಿಸಿಲಲ್ಲಿ 3 ಕಿಲೋವ್ಯಾಟ್ ಪ್ಯಾನೆಲ್ ಕೊಡುವಷ್ಟು, ಅದೂ ಜುಲೈ ಜಡಿಮಳೆಯಲ್ಲಿ. ರಾತ್ರಿಯೂ ಓಡುವುದರಿಂದ ದೊಡ್ಡ ಬ್ಯಾಟರಿ ಬೇಡ. ಖರ್ಚು ಹೆಚ್ಚು ಇಳಿಯುವುದು ಅಲ್ಲೇ.

ಕಾಫಿ ಗಿಡ
ಮೂಡಿಗೆರೆ ಕಡೆ ತುಂಬಾ ಮನೆಗಳಲ್ಲಿ ಇದೆ. ಲೈನ್ ಬರುವ ಮುಂಚಿನಿಂದಲೂ ಇಟ್ಟುಕೊಂಡವರಿದ್ದಾರೆ. ನಮ್ಮ ಚಿಕ್ಕಪ್ಪನ ಮನೆಯಲ್ಲಿ ಟರ್ಬೈನ್ ಓಡುವ ತಿಂಗಳುಗಳಲ್ಲಿ ಬಲ್ಬ್ ಆರಿಸುವ ಅಭ್ಯಾಸವೇ ಇಲ್ಲ. ಯಾಕೆ ಅಂದರೆ ಲೋಡ್ ಕಡಿಮೆ ಆದರೆ ಚಕ್ರ ಹುಚ್ಚೆದ್ದು ತಿರುಗುತ್ತದೆ, ವೋಲ್ಟೇಜ್ ಏರುತ್ತದೆ, ಬಲ್ಬ್ ಸುಡುತ್ತದೆ.

ಪೆಲ್ಟನ್ ಪುಟ್ಟಣ್ಣ
@ಕಾಫಿ ಗಿಡ ಅದು ಹಳೆ ಕಾಲದ ವ್ಯವಸ್ಥೆ. ಈಗ ಲೋಡ್ ಕಂಟ್ರೋಲರ್ ಬರುತ್ತದೆ. ಮನೆಯಲ್ಲಿ ಬಳಸದೆ ಉಳಿದ ಕರೆಂಟನ್ನು ಅದು ಒಂದು ಹೀಟರ್ ಕಾಯಿಲ್‌ಗೆ ತಿರುಗಿಸುತ್ತದೆ. ಚಕ್ರಕ್ಕೆ ಯಾವಾಗಲೂ ಒಂದೇ ಭಾರ. ಕಾಯಿಲನ್ನು ನೀರಿನ ಡ್ರಮ್ಮಿನಲ್ಲಿ ಇಟ್ಟರೆ ಬಚ್ಚಲಿಗೆ ಬಿಸಿನೀರು ಪುಕ್ಕಟೆ. ಕಂಟ್ರೋಲರ್ ಕೊಡದೆ ಬರೀ ಟರ್ಬೈನ್ ಮಾರುವವರ ಹತ್ತಿರ ಹೋಗಲೇಬೇಡಿ. ಭಾರ ತಪ್ಪಿದರೆ ಚಕ್ರದ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ಬೇರಿಂಗ್ ಹೋಗುತ್ತದೆ.

ದುರ್ಗದ ಬಿಸಿಲು
ಗಾಳಿಯಂತ್ರದ ಬಗ್ಗೆ ಯಾರೂ ಮಾತಾಡಲಿಲ್ಲ? ನಮ್ಮಲ್ಲಿ ಗುಡ್ಡ ಗುಡ್ಡಕ್ಕೂ ಇದೆ.

ಸೊಪ್ಪಿನಬೆಟ್ಟ
ನಿಮ್ಮಲ್ಲಿ ಬೋಳುಗುಡ್ಡ, ನಮ್ಮಲ್ಲಿ ಕಣಿವೆ ತುಂಬ ಮರ. ಚಿಕ್ಕ ಗಾಳಿಯಂತ್ರ ಹಾಕಿದರೆ ಗಾಳಿ ಸುಳಿ ಸುತ್ತಿ ಅದು ದಿಕ್ಕು ಹುಡುಕುತ್ತಾ ಕೂರುತ್ತದೆ. ಗಾಳಿಯ ವೇಗ ಅರ್ಧವಾದರೆ ಶಕ್ತಿ ಎಂಟರಲ್ಲಿ ಒಂದು ಪಾಲಾಗುತ್ತದೆ. ಆಗುವ ಮಾತಲ್ಲ.

ಶರಾವತಿ ಸಂತ್ರಸ್ತ
ನಿಮ್ಮ ಲೆಕ್ಕಾಚಾರ ಓದುತ್ತಾ ಕೂತಿದ್ದೆ, ಹೊಟ್ಟೆ ಉರಿಯಿತು. 1964ರಲ್ಲಿ ಲಿಂಗನಮಕ್ಕಿ ಕಟ್ಟಿದರು. ಶರಾವತಿ ವಿದ್ಯುದಾಗಾರ ಒಂದರದ್ದೇ 1,035 ಮೆಗಾವ್ಯಾಟ್. ನಮ್ಮ ಅಜ್ಜನ ಗದ್ದೆ ಆ ನೀರಿನ ಅಡಿಯಲ್ಲಿದೆ. ರಾಜ್ಯಕ್ಕೆಲ್ಲ ಬೆಳಕು ಕೊಟ್ಟ ಊರಿನವರು ಈಗ ಹಳ್ಳಕ್ಕೆ ಬಕೆಟ್ ಹಿಡಿದು ವ್ಯಾಟ್ ಎಣಿಸಬೇಕು. ಸಿಗಂದೂರು ಸೇತುವೆ ಆಗಲು 2025ರ ಜುಲೈ ಬರಬೇಕಾಯಿತು, ಅಲ್ಲಿತನಕ ಲಾಂಚು.

ಮಂಡ್ಯದ ಮಾವ
1902ರಲ್ಲಿ ನಮ್ಮ ಶಿವನಸಮುದ್ರದ ಕರೆಂಟ್ ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪಕ್ಕೆ ಬಂದಿದ್ದು 1905ರಲ್ಲಿ. ಸುತ್ತಮುತ್ತಲ ಹಳ್ಳಿಗೆ ಬಂದಿದ್ದು ಇನ್ನೂ ಎಷ್ಟೋ ಕಾಲ ಆದಮೇಲೆ. ಹಿಂದಿನಿಂದಲೂ ಕಥೆ ಹೀಗೇ.

ಬೆಂಗ್ಳೂರ್ ಬಸವ
ಅದಕ್ಕೆ ನಮ್ಮ ಮೇಲೆ ಯಾಕೆ ಸಿಟ್ಟು 😀

ಶರಾವತಿ ಸಂತ್ರಸ್ತ
ನಿಮ್ಮ ಮೇಲೆ ಅಲ್ಲ ಬಿಡಿ. ಆದರೆ ಈಗ ಶರಾವತಿ ನೀರನ್ನೂ ಬೆಂಗಳೂರಿಗೆ ಕೇಳುತ್ತಾರಲ್ಲ, ಆಗ ಮಾತಾಡೋಣ.

ಸೊಪ್ಪಿನಬೆಟ್ಟ
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ದಯವಿಟ್ಟು. ಹಿನ್ನೀರಿನವರು ನೀರಿನ ಪ್ರಶ್ನೆ ಕೇಳಿದ್ದರು, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ಸುರಂಗದ ನೀರು
ನಾನು ಕಾಸರಗೋಡು ಗಡಿಯವ. ನಮ್ಮಲ್ಲಿ ಗುಡ್ಡಕ್ಕೆ ಅಡ್ಡ ಸುರಂಗ ಕೊರೆದು ನೀರು ತರುತ್ತಾರೆ. ಮನೆಗಿಂತ ಮೇಲೆ ಸುರಂಗ ಇದ್ದರೆ ಪಂಪಿನ ಹಂಗೇ ಇಲ್ಲ, ತಾನಾಗಿ ಇಳಿದು ಬರುತ್ತದೆ. ನಿಮ್ಮಲ್ಲಿ ಗುಡ್ಡದಿಂದ ತಾನಾಗಿ ಇಳಿಯುವ ಅಬ್ಬಿ ನೀರು ಇಲ್ವಾ? ಹಿಂದೆ ಅಡಿಕೆ ದಬ್ಬೆಯಲ್ಲಿ (ಸೀಳಿದ ಅಡಿಕೆ ಮರದಲ್ಲಿ) ಬಚ್ಚಲ ತನಕ ತರುತ್ತಿದ್ದರು.

ಹಿನ್ನೀರಿನವ
ಅಬ್ಬಿ ಇತ್ತು, ದಬ್ಬೆ ನಾನೂ ನೋಡಿದ್ದೇನೆ. ಈಗ ಮೇಲಿನ ಗುಡ್ಡ ಅಕೇಶಿಯಾ ಪ್ಲಾಂಟೇಶನ್. ಅಬ್ಬಿ ನವೆಂಬರ್‌ಗೇ ನಿಲ್ಲುತ್ತದೆ. ಮಳೆಗಾಲದ ಸ್ನಾನಕ್ಕೆ ಆಗುತ್ತದೆ, ಕೆಂಪು ನೀರು. ಕುಡಿಯೋಕೆ ಬಾವಿಯೇ ಬೇಕು.

ಹೈಡ್ರಾಂ ಹೆಗಡೆ
ಕರೆಂಟೇ ಬೇಡದ ಪಂಪ್ ಇದೆ, ಹೈಡ್ರಾಂ. ಹರಿಯುವ ನೀರು ಪೈಪಿನಲ್ಲಿ ಜೋರಾಗಿ ಬರುವಾಗ ಕವಾಟ ಪಟ್ಟಂತ ಮುಚ್ಚುತ್ತದೆ. ಆ ಹೊಡೆತಕ್ಕೆ ಸ್ವಲ್ಪ ನೀರು ಮೇಲಿನ ಪೈಪಿಗೆ ನುಗ್ಗುತ್ತದೆ. ಮತ್ತೆ ಕವಾಟ ತೆರೆಯುತ್ತದೆ. ಹಗಲು ರಾತ್ರಿ ಟಕ್ ಟಕ್. 1796ರಲ್ಲಿ ಫ್ರಾನ್ಸಿನ ಮಾಂಟ್‌ಗೋಲ್ಫಿಯರ್ ಕಂಡುಹಿಡಿದದ್ದು, ಬಿಸಿಗಾಳಿ ಬಲೂನ್ ಹಾರಿಸಿದ ಅಣ್ಣತಮ್ಮಂದಿರಲ್ಲಿ ಒಬ್ಬ.

ಲೆಕ್ಕ ಹೀಗೆ. ನಿಮಿಷಕ್ಕೆ 30 ಲೀಟರ್ ನೀರು 3 ಮೀಟರ್ ಇಳಿದರೆ, ಅದರಲ್ಲಿ ಎರಡೂವರೆ ಲೀಟರ್ ಆಸುಪಾಸು 20 ಮೀಟರ್ ಮೇಲೆ ಹೋಗುತ್ತದೆ. ಉಳಿದದ್ದು ಹಳ್ಳಕ್ಕೇ ವಾಪಸ್. ಕಡಿಮೆ ಅನಿಸುತ್ತದೆ ಅಲ್ವಾ? ದಿನವಿಡೀ ಓಡಿದರೆ ಮೂರೂವರೆ ಸಾವಿರ ಲೀಟರ್. ಜಲಜೀವನ್ ಮಿಷನ್‌ನವರು ತಲೆಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ ಹಾಕುತ್ತಾರೆ. ನಿಮ್ಮ ಮನೆ, ಕೊಟ್ಟಿಗೆ ಎರಡಕ್ಕೂ ಧಾರಾಳ.

ಅಡಿಕೆ ಚೊಗರು
ಹೈಡ್ರಾಂ ಚಂದವೇ ಹೆಗಡೆರೇ, ಆದರೆ ಅದು ಎತ್ತುವುದು ಹಳ್ಳದ ನೀರು. ಕೆಸರು, ಎಲೆ, ಸಗಣಿ ಎಲ್ಲ ಸೇರಿದ್ದು. ಅವರಿಗೆ ಬಾವಿ ನೀರು ಬೇಕು. ಕವಾಟದ ರಬ್ಬರು ಸವೆದರೆ ಬದಲಿಸೋಕೆ ಮಳೆಯಲ್ಲಿ ಇಳಿಯುವವರು ಯಾರು?

ಹೈಡ್ರಾಂ ಹೆಗಡೆ
ರಬ್ಬರನ್ನು ಹಳೆ ಟೈರಿಂದ ಕತ್ತರಿಸಿ ಹಾಕಬಹುದು. ನಿಮ್ಮ ಲೋಡ್ ಕಂಟ್ರೋಲರ್ ಕೆಟ್ಟರೆ ಟೈರ್ ಕತ್ತರಿಸಿ ಹಾಕುತ್ತೀರಾ?

ಕಾಫಿ ಗಿಡ
😂😂 ಹೆಗಡೆರು ಗೆದ್ದರು.

ವೈರ್ ವಾಸು
ಪಂಪಿನ ಬಗ್ಗೆ ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ಸಾವಿರ ಲೀಟರ್ ನೀರನ್ನು 25 ಮೀಟರ್ ಎತ್ತಲು ನಿಜವಾಗಿ ಬೇಕಾದದ್ದು 0.07 ಯೂನಿಟ್. ಪಂಪಿನ ನಷ್ಟ ಸೇರಿಸಿ ಮೂರು ಪಟ್ಟು ಅನ್ನಿ, ಆಗಲೂ ಕಾಲು ಯೂನಿಟ್ ಒಳಗೆ. ಅಂದರೆ ನೀರೆತ್ತುವುದು ದೊಡ್ಡ ಖರ್ಚೇ ಅಲ್ಲ. ತೊಂದರೆ ಇರುವುದು ಆ 1 ಎಚ್.ಪಿ. ಮೋಟರ್ ಶುರುವಾಗುವ ಗಳಿಗೆಯಲ್ಲಿ. ಮಾಮೂಲಿಗಿಂತ ನಾಲ್ಕೈದು ಪಟ್ಟು ಕರೆಂಟ್ ಎಳೆಯುತ್ತದೆ. ಆ ಒಂದು ಗಳಿಗೆಗೋಸ್ಕರ ಡೀಲರ್ ನಿಮಗೆ 5 ಕಿಲೋವ್ಯಾಟ್ ಇನ್ವರ್ಟರ್ ಹಚ್ಚುತ್ತಿದ್ದಾನೆ.

ಪಂಪೇ ಬದಲಿಸಿ. ಮೆಲ್ಲಗೆ ಶುರುವಾಗುವ ಸಣ್ಣ ಡಿಸಿ ಪಂಪ್ ಹಾಕಿ, ಮುಕ್ಕಾಲು ಗಂಟೆ ಬದಲು ನಾಲ್ಕು ಗಂಟೆ ಓಡಲಿ. ನಿಮಗೇನು ಅವಸರ? ಟ್ಯಾಂಕ್ ತುಂಬಿದರೆ ಆಯಿತು. ಟ್ಯಾಂಕ್ ದೊಡ್ಡದು ಮಾಡಿ, ನೀರನ್ನೇ ಬ್ಯಾಟರಿ ಮಾಡಿಕೊಳ್ಳಿ. ಟ್ಯಾಂಕ್ ಹತ್ತಿಪ್ಪತ್ತು ವರ್ಷ ಬಾಳುತ್ತದೆ.

ಪಾವಗಡ ಪರಮೇಶಿ
ನಮ್ಮ ಕಡೆ ಪಿಎಂ ಕುಸುಮ್‌ನಲ್ಲಿ ಸೋಲಾರ್ ಪಂಪ್ ಹಾಕಿಸಿಕೊಂಡ ರೈತರಿದ್ದಾರೆ. ಕೇಂದ್ರ ಶೇ. 30, ರಾಜ್ಯ ಶೇ. 50, ಉಳಿದ ಶೇ. 20 ನಮ್ಮದು. ಲೈನಿಂದ 500 ಮೀಟರ್‌ಗಿಂತ ದೂರ ಇರುವ ಪಂಪ್‌ಸೆಟ್‌ಗೆ ಈಗ ಸೋಲಾರೇ ಕೊಡುವುದು. ಹಗಲು ಹೊತ್ತಲ್ಲಿ ನೀರು ಬರುತ್ತದೆ, ರಾತ್ರಿ ಮೂರು ಗಂಟೆಗೆ ಎದ್ದು ಹಾವಿನ ಮಧ್ಯೆ ಸ್ವಿಚ್ ಹಾಕೋಕೆ ಹೋಗುವುದು ತಪ್ಪಿತು. ಆದರೆ ಬೋರ್‌ನಲ್ಲಿ ನೀರು ಬೇಕಲ್ಲ. ಬಿಸಿಲಿಗೆ ಬಿಲ್ ಇಲ್ಲ ಅಂತ ಬೆಳಗ್ಗಿಂದ ಸಂಜೆ ತನಕ ಎತ್ತಿದರೆ ಅಂತರ್ಜಲ ಎಲ್ಲಿ ಉಳಿಯುತ್ತದೆ?

ದುರ್ಗದ ಬಿಸಿಲು
@ಪಾವಗಡ ಪರಮೇಶಿ ನಿಮ್ಮ ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟಿದ್ದೀರಾ?

ಪಾವಗಡ ಪರಮೇಶಿ
ಕೊಟ್ಟಿದ್ದೇವೆ. 13,000 ಎಕರೆ, 2,050 ಮೆಗಾವ್ಯಾಟ್. ಎಕರೆಗೆ ವರ್ಷಕ್ಕೆ 21,000ದಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರುತ್ತದೆ. ಮಳೆ ನಂಬಿ ಶೇಂಗಾ ಹಾಕುವುದಕ್ಕಿಂತ ವಾಸಿ ಅನ್ನುವವರೂ ಇದ್ದಾರೆ. ಜಮೀನಿಲ್ಲದೆ ಕೂಲಿ ಮಾಡುತ್ತಿದ್ದವರಿಗೆ ಮಾತ್ರ ಏನೂ ಸಿಗಲಿಲ್ಲ, ಕೆಲಸ ಹೋಯಿತು. ಅದನ್ನು ಯಾರೂ ಹೇಳುವುದಿಲ್ಲ.

ಹಿನ್ನೀರಿನವ
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ತಮ್ಮನನ್ನು ಕರೆದುಕೊಂಡು ಅಳೆದೆ. ಮೇಲೆ ಬಂಡೆ ನಡುವಿನ ಗುಂಡಿಯಿಂದ ತೋಟದ ಅಂಚಿಗೆ ಗೇಜ್ 2.2 ಕೆ.ಜಿ. ತೋರಿಸಿತು, ಅಂದರೆ 22 ಮೀಟರ್. 20 ಲೀಟರ್ ಬಕೆಟ್ 5 ಸೆಕೆಂಡಿಗೆ ತುಂಬಿತು, ಇನ್ನೂ ಸ್ವಲ್ಪ ನೀರು ಪಕ್ಕದಲ್ಲಿ ಹೋಗುತ್ತಿತ್ತು. ಪೈಪಿನ ದಾರಿ 180 ಮೀಟರ್. ಮನೆಯಲ್ಲಿ 50 ಎಂ.ಎಂ. ಪೈಪಿನ ಸುರುಳಿ ಬಿದ್ದಿದೆ, ಅದನ್ನೇ ಹಾಕಬಹುದಾ?

ಪೆಲ್ಟನ್ ಪುಟ್ಟಣ್ಣ
ಡಿಸೆಂಬರ್‌ನಲ್ಲಿ ಇಷ್ಟಿದೆಯಲ್ಲ, ಭಾಗ್ಯವಂತರು. 22 × 4 × 9.81 ಅಂದರೆ 863. ಅರ್ಧ ಬಿಟ್ಟರೆ 430 ವ್ಯಾಟ್. ದಿನಕ್ಕೆ 10 ಯೂನಿಟ್. ನಿಮಗೆ ಬೇಕಾಗಿರುವುದು ನಾಲ್ಕು.

ಆದರೆ 50 ಎಂ.ಎಂ. ಪೈಪ್ ಖಂಡಿತ ಬೇಡ. ಸೆಕೆಂಡಿಗೆ 4 ಲೀಟರ್ ನೀರನ್ನು 180 ಮೀಟರ್ ದೂರ ಅದರಲ್ಲಿ ನೂಕಿದರೆ ಬರೀ ಉಜ್ಜಾಟದಲ್ಲೇ ನಿಮ್ಮ 22 ಮೀಟರ್ ಪೂರ್ತಿ ಮುಗಿದು ಹೋಗುತ್ತದೆ. ಅಂದರೆ ಆ 4 ಲೀಟರ್ ಕೆಳಗೆ ಬರುವುದೇ ಇಲ್ಲ. 63 ಹಾಕಿದರೆ 7 ಮೀಟರ್ ನಷ್ಟ, 75ಕ್ಕೆ ಮೂರೂವರೆ, 90ಕ್ಕೆ ಒಂದೂವರೆ. ನಾನಾದರೆ 90 ಹಾಕುತ್ತೇನೆ, ದುಡ್ಡು ಬಿಗಿ ಇದ್ದರೆ 75. ಜನ ಟರ್ಬೈನ್‌ಗೆ ದುಡ್ಡು ಸುರಿದು ಪೈಪಲ್ಲಿ ಜಿಪುಣತನ ಮಾಡುತ್ತಾರೆ, ಆಮೇಲೆ ಟರ್ಬೈನ್ ಸರಿಯಿಲ್ಲ ಅಂತಾರೆ.

ವೈರ್ ವಾಸು
ಟರ್ಬೈನ್ ಮನೆಯಿಂದ ಎಷ್ಟು ದೂರ? ನೂರು ಮೀಟರ್ ದಾಟಿದರೆ 24 ವೋಲ್ಟ್ ಡಿಸಿ ಬೇಡ. 430 ವ್ಯಾಟ್ ಅಂದರೆ 18 ಆಂಪಿಯರ್, ದಪ್ಪ ತಾಮ್ರದ ತಂತಿಗೇ ಮನೆ ಮಾರಬೇಕು. 230 ವೋಲ್ಟ್‌ನಲ್ಲಿ ತಂದರೆ ಎರಡು ಆಂಪಿಯರ್ ಕೂಡ ಇಲ್ಲ.

ಸಿಡಿಲಿಗೆ ರಕ್ಷಣೆ ಮರೆಯಬೇಡಿ. ಎರಡೂ ತುದಿಗೆ ಸರ್ಜ್ ಅರೆಸ್ಟರ್, ಒಳ್ಳೆ ಅರ್ಥಿಂಗ್. ಏಪ್ರಿಲ್-ಮೇ ಗುಡುಗಿಗೆ ಮಲೆನಾಡಲ್ಲಿ ಎಷ್ಟು ಇನ್ವರ್ಟರ್ ಸುಟ್ಟಿವೆ ಅಂತ ರಿಪೇರಿ ಅಂಗಡಿಯವರನ್ನು ಕೇಳಿ.

ನೇಪಾಳದಿಂದ ನಾಗ
ನಾನು ಕೆಲಸದ ಮೇಲೆ ಕೆಲವು ವರ್ಷ ನೇಪಾಳದಲ್ಲಿದ್ದೆ. ಅಲ್ಲಿ ಬೆಟ್ಟದ ಹಳ್ಳಿಗಳಲ್ಲಿ ಪೆಲ್ಟ್ರಿಕ್ ಸೆಟ್ ಅಂತ ಇಂಥದ್ದೇ ಚಿಕ್ಕ ಯಂತ್ರ, ಅಲ್ಲಿನ ವರ್ಕ್‌ಶಾಪಿನವರೇ ಮಾಡುತ್ತಾರೆ. ನಾನು ನೋಡಿದ ಕಡೆ ಒಂದೇ ಮನೆಗೆ ಹಾಕುವುದು ಅಪರೂಪ, ಹತ್ತು ಮನೆ ಸೇರಿ ಹಾಕುತ್ತಾರೆ. ತಿಂಗಳಿಗಿಷ್ಟು ಅಂತ ಎತ್ತಿ, ಒಬ್ಬನಿಗೆ ಸಂಬಳ ಕೊಟ್ಟು ನೋಡಿಕೊಳ್ಳುತ್ತಾರೆ. ಯಂತ್ರಕ್ಕಿಂತ ಆ ಒಬ್ಬ ಮನುಷ್ಯನೇ ಮುಖ್ಯ.

ಸೊಪ್ಪಿನಬೆಟ್ಟ
ನಮ್ಮಲ್ಲಿ ಹತ್ತು ಮನೆ ಸೇರಿದರೆ ಮೊದಲು ಗಡಿ ತಕರಾರು ಶುರುವಾಗುತ್ತದೆ.

ಅಂದ ಹಾಗೆ, ಆ ಬಂಡೆ ಗುಂಡಿ ನಿಮ್ಮ ಸರ್ವೆ ನಂಬರಿನಲ್ಲಿದೆಯಾ? ಫಾರೆಸ್ಟ್ ಆದರೆ ಪೈಪ್ ಎಳೆಯುವ ಮುಂಚೆ ಅನುಮತಿ ಕೇಳಿ. ಕೆಳಗಿನ ತೋಟದವರಿಗೂ ಒಂದು ಮಾತು ಹೇಳಿ. ನೀರು ಖರ್ಚಾಗುವುದಿಲ್ಲ, ಟರ್ಬೈನ್ ದಾಟಿ ಹಳ್ಳಕ್ಕೇ ಬೀಳುತ್ತದೆ ಅಂತ ಕರೆದು ತೋರಿಸಿ. ಇಲ್ಲದಿದ್ದರೆ ಫೆಬ್ರವರಿಯಲ್ಲಿ ಹಳ್ಳ ಬತ್ತಿದಾಗ ನಿಮ್ಮ ಪೈಪೇ ಕಾರಣ ಅಂತಾರೆ.

ಹಿನ್ನೀರಿನವ
ಗುಂಡಿ ಮಾಲ್ಕಿ ಜಾಗದಲ್ಲೇ ಇದೆ, ಪೈಪ್ ಸ್ವಲ್ಪ ದೂರ ಬೆಟ್ಟದಲ್ಲಿ ಬರುತ್ತದೆ. ಕೇಳುತ್ತೇನೆ. ಕೆಳಗೆ ದೊಡ್ಡಪ್ಪನ ತೋಟ, ಅವರಿಗೂ ಒಂದು ಬಲ್ಬ್ ಎಳೆದು ಕೊಟ್ಟರೆ ಗಲಾಟೆ ಇಲ್ಲ.

ಸದ್ಯಕ್ಕೆ ಹೀಗೆ ಯೋಚನೆ ಮಾಡಿದ್ದೇವೆ. 75 ಎಂ.ಎಂ. ಪೈಪ್, ಟರ್ಬೈನ್, ಕಂಟ್ರೋಲರ್ ಬರುವ ಮಳೆಗಾಲದೊಳಗೆ. ಬಾವಿಗೆ ಸಣ್ಣ ಪಂಪ್, ಈಗಿರುವ 1,000 ಲೀಟರ್ ಟ್ಯಾಂಕ್ ಪಕ್ಕ ಇನ್ನೊಂದು 2,000 ಲೀಟರಿಂದು. ಫೆಬ್ರವರಿಯಿಂದ ಮೇ ತನಕ ಲೈನ್ ಪರವಾಗಿಲ್ಲ, ಆಗ ಹೋದರೆ ಇರಲಿ ಅಂತ 1 ಕಿಲೋವ್ಯಾಟ್ ಪ್ಯಾನೆಲ್ ಮತ್ತು ಒಂದು ಚಿಕ್ಕ ಬ್ಯಾಟರಿ. ಬ್ಯಾಟರಿ ಯಾವುದು ಒಳ್ಳೆಯದು?

ವೈರ್ ವಾಸು
12 ವೋಲ್ಟಿನ 150 ಎ.ಎಚ್. (ಆಂಪಿಯರ್-ಅವರ್) ಟ್ಯೂಬ್ಯುಲರ್, ಅಂದರೆ ಮಾಮೂಲಿ ಸೀಸ-ಆಸಿಡ್ ಬ್ಯಾಟರಿ, ಹೆಸರಿಗೆ 1.8 ಯೂನಿಟ್. ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡುತ್ತಾ ಹೋದರೆ ಬೇಗ ಸಾಯುತ್ತದೆ. ಅಂದರೆ 0.9 ಸಿಕ್ಕಿತು. ಲಿಥಿಯಂ ಐರನ್ ಫಾಸ್ಫೇಟ್ 100 ಎ.ಎಚ್. 1.28 ಯೂನಿಟ್, ಅದರಲ್ಲಿ ಶೇ. 80 ಬಳಸಬಹುದು, ಒಂದು ಯೂನಿಟ್. ಡಿಸ್ಟಿಲ್ಡ್ ವಾಟರ್ ಹಾಕುವ ಕಾಟ ಇಲ್ಲ. ಟ್ಯೂಬ್ಯುಲರ್ ಹಾಕಿದರೆ ಸಾಗರದಲ್ಲೇ ರಿಪೇರಿ ಆಗುತ್ತದೆ, ಹಳೆಯದನ್ನು ಕೊಟ್ಟರೆ ದುಡ್ಡು ವಾಪಸ್ ಬರುತ್ತದೆ. ನಿಮ್ಮ ಇಷ್ಟ.

ಅಡಿಕೆ ಚೊಗರು
ಪ್ಯಾನೆಲ್‌ಗೆ ಮಂಗನ ಕಾಟದ ಬಗ್ಗೆಯೂ ಯೋಚಿಸಿ. ದಕ್ಷಿಣಕ್ಕೆ 15 ಡಿಗ್ರಿ ವಾಲಿಸಿ ಇಟ್ಟರೆ ಜಾರುಬಂಡಿ ಸಿಕ್ಕಿತು ಅಂತ ಗುಂಪೇ ಬರುತ್ತದೆ.

ಬೆಂಗ್ಳೂರ್ ಬಸವ
ಟರ್ಬೈನ್ ಹಾಕಿದ ಮೇಲೆ ಫೋಟೊ ಹಾಕಿ ಸಾರ್. ನೋಡೋಕೆ ಬರಬಹುದಾ?

ಹಿನ್ನೀರಿನವ
ಬನ್ನಿ, ಜುಲೈಯಲ್ಲಿ ಬನ್ನಿ. ಉಂಬಳ (ಜಿಗಣೆ) ಕಚ್ಚಿದರೆ ನಾನು ಜವಾಬ್ದಾರ ಅಲ್ಲ.

ಕೊನೆಯದಾಗಿ ಒಂದು. ಪೈಪಿನ ಬಾಯಿಗೆ ಎಲೆ ತುಂಬಿದರೆ ದಿನಾ ಮೇಲೆ ಹತ್ತಬೇಕಾ? ನೈಲಾನ್ ಬಲೆ ಕಟ್ಟಿದರೆ ಸಾಕಾ?

ಕಾಫಿ ಗಿಡ
ನೈಲಾನ್ ಬೇಡ, ಏಡಿ ಕತ್ತರಿಸುತ್ತದೆ. ಸ್ಟೀಲ್ ಜಾಲರಿಯನ್ನೇ ಓರೆಯಾಗಿ ಹಾಕಿ, ನೀರು ಮೇಲಿಂದ ಹರಿದು ಹೋಗುವ ಹಾಗೆ. ಎಲೆ ತಾನೇ ಜಾರಿ ಹೋಗುತ್ತದೆ, ನೀರು ಮಾತ್ರ ಕೆಳಗಿಳಿಯುತ್ತದೆ. ಜಾಲರಿ ದಾಟಿದ ಮೇಲೆ ಒಂದು ಚಿಕ್ಕ ತೊಟ್ಟಿ ಕಟ್ಟಿ, ಮರಳು ಅಲ್ಲೇ ಕೂರಲಿ. ಇಲ್ಲದಿದ್ದರೆ ಚಕ್ರಕ್ಕೆ ನೀರು ಚಿಮ್ಮುವ ನಾಜಲ್ ಸವೆಯುತ್ತದೆ.

ಹೈಡ್ರಾಂ ಹೆಗಡೆ
ತೊಟ್ಟಿ ಕಟ್ಟುವಾಗ ಎರಡಿಂಚಿನ ಒಂದು ತೂತು ಹೆಚ್ಚಿಗೆ ಬಿಡಿ. ಮುಂದಿನ ವರ್ಷ ಹೈಡ್ರಾಂ ಹಾಕೋಕೆ ಬೇಕಾಗುತ್ತದೆ.